ದೇಣಿಗೆಯ ಲೆಕ್ಕ, ಶಾಲೆಯ ಸುದ್ದಿ: ಯಾದಗಿರಿ ಸೀಮೆಯಲ್ಲಿ ನಿಧಿ ಸಂಗ್ರಹ ಮತ್ತು ಸಂಪರ್ಕ ಸಿಬ್ಬಂದಿಯ ತರಬೇತಿ

ಶಾಲೆ, ಕಾಲೇಜು, ಶಿಕ್ಷಣ ಟ್ರಸ್ಟುಗಳಿಗೆ ಹಣ, ಜಾಗ, ಸಾಮಗ್ರಿ ಅಥವಾ ಶ್ರಮ ಕೊಡಬಲ್ಲವರನ್ನು ಹುಡುಕುವುದು, ಕೇಳುವುದು, ಪಡೆದದ್ದಕ್ಕೆ ಲೆಕ್ಕ ಒಪ್ಪಿಸುವುದು ನಿಧಿ ಸಂಗ್ರಹದ ಕೆಲಸ. ಸಂಸ್ಥೆಯ ಸುದ್ದಿಯನ್ನು ಪಾಲಕರಿಗೆ, ಹಳೆಯ ವಿದ್ಯಾರ್ಥಿಗಳಿಗೆ, ದಾನಿಗಳಿಗೆ, ಪತ್ರಿಕೆಗಳಿಗೆ ಮುಟ್ಟಿಸುವುದು ಸಂಪರ್ಕದ ಕೆಲಸ. ದೊಡ್ಡ ಊರುಗಳ ವಿಶ್ವವಿದ್ಯಾಲಯಗಳಲ್ಲಿ ಇವೆರಡಕ್ಕೂ ಪ್ರತ್ಯೇಕ ಕಚೇರಿ, ಪ್ರತ್ಯೇಕ ಸಂಬಳದ ಜನ ಇರುತ್ತಾರೆ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಈ ಹುದ್ದೆಯ ಹೆಸರನ್ನೇ ಕೇಳದವರು ಈ ಕೆಲಸ ಮಾಡುತ್ತಿದ್ದಾರೆ. ಸರ್ಕಾರಿ ಶಾಲೆಯ ಮುಖ್ಯ ಗುರುಗಳು, ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಮಠದ ಶಿಕ್ಷಣ ಸಂಸ್ಥೆಯ ಗುಮಾಸ್ತ, ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಹೆಗಲು ಕೊಟ್ಟ ಉಪನ್ಯಾಸಕರು, ಸ್ವಯಂಸೇವಾ ಸಂಸ್ಥೆಯ ತಾಲ್ಲೂಕು ಸಂಯೋಜಕಿ ಅಂಥವರು. ಅವರಿಗೆ ಬೇಕಾದ ವೃತ್ತಿ ತರಬೇತಿ ಎಂಥದು, ಎಷ್ಟು ಸಿಗುತ್ತಿದೆ, ಎಲ್ಲಿ ಕೊರತೆ ಇದೆ ಎಂಬುದು ಈ ಲೇಖನದ ವಿಷಯ.

ಕೆಲಸ ಹೊಸದಲ್ಲ. ಯಾದಗಿರಿಗೆ ನೆರೆಯ ಚಿತ್ತಾಪುರ ತಾಲ್ಲೂಕಿನ ನಾಗಾವಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ, 1058ರ ಶಾಸನವೊಂದಿದೆ. ಅಲ್ಲಿನ ಘಟಿಕಾಸ್ಥಾನದಲ್ಲಿ ವೇದ ಓದುವವರು 200 ಮಂದಿ, ಶಾಸ್ತ್ರ ಓದುವವರು 50ಕ್ಕೂ ಹೆಚ್ಚು, ಜೊತೆಗೆ ಉಪಾಧ್ಯಾಯರು, ಪುಸ್ತಕ ಭಂಡಾರ ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗರು ಎಂದು ಆ ಕಲ್ಲು ಎಣಿಸಿ ಹೇಳುತ್ತದೆ. ಕೊಟ್ಟವರು ಯಾರು, ಯಾತಕ್ಕೆ ಕೊಟ್ಟರು, ಯಾರ ಜೀವನಕ್ಕೆ ಅದು ಸಲ್ಲಬೇಕು ಎಂಬುದನ್ನು ಊರಿನವರೆಲ್ಲ ನೋಡುವ ಜಾಗದಲ್ಲಿ ನಿಲ್ಲಿಸಿದ ದಾಖಲೆ ಅದು. ಇಂದಿನ ಕಂಪನಿಯೊಂದು ತಾನು ನೆರವು ಕೊಟ್ಟ ಶಾಲೆಯಿಂದ ಬಯಸುವ ವರದಿಯಲ್ಲೂ ಇವೇ ಪ್ರಶ್ನೆಗಳಿರುತ್ತವೆ. ತರಬೇತಿ ಶಿಬಿರಗಳು ಪರದೇಶದ ಮಾದರಿಗಳಿಂದ ಪಾಠ ಆರಂಭಿಸುವ ಬದಲು ನಾಗಾವಿಯಿಂದ ಆರಂಭಿಸಿದರೆ ಕೇಳುವವರಿಗೆ ವಿಷಯ ತಮ್ಮದೆನಿಸುತ್ತದೆ.

ನಿಜಾಮರ ಆಡಳಿತದಲ್ಲಿ ಉರ್ದು ಸರ್ಕಾರಿ ಭಾಷೆಯಾಗಿದ್ದಾಗ ಕನ್ನಡದ ಶಾಲೆಗಳು ಬಹುಪಾಲು ಖಾಸಗಿ ಉತ್ಸಾಹದಿಂದ, ಮಠಗಳ ಆಸರೆಯಿಂದ ಬದುಕಬೇಕಾಯಿತು. ಕಲಬುರಗಿಯ ನೂತನ ವಿದ್ಯಾಲಯ 1907ರಲ್ಲಿ ಹುಟ್ಟಿತು. ಶರಣಬಸವೇಶ್ವರರ ದಾಸೋಹದ ಪರಂಪರೆ ಮುಂದೆ ವಿದ್ಯಾವರ್ಧಕ ಸಂಘವಾಗಿ ಬೆಳೆಯಿತು. ಮಹಾದೇವಪ್ಪ ರಾಂಪೂರೆಯವರು 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಕಟ್ಟಿದರು. ಮುಂಬೈ ಪ್ರಾಂತದ ಕಡೆ ಬೆಳಗಾವಿಯಲ್ಲಿ 1916ರಲ್ಲಿ ಏಳು ಮಂದಿ ಶಿಕ್ಷಕರು ಕೆ.ಎಲ್.ಇ. ಸಂಸ್ಥೆ ಆರಂಭಿಸಿದಾಗ ಅವರ ಕೈಯಲ್ಲಿದ್ದ ಬಂಡವಾಳ ಜನರ ನಂಬಿಕೆ. ಸಿರಸಂಗಿ ಲಿಂಗರಾಜ ದೇಸಾಯಿಯವರ ಹೆಸರು ಆ ಸಂಸ್ಥೆಯ ಕಾಲೇಜಿಗೆ ಬಂದದ್ದು ದೇಣಿಗೆಯಿಂದಲೇ. ಗಡಿಯಾಚೆ ಸಾತಾರದಲ್ಲಿ ಭಾವುರಾವ್ ಪಾಟೀಲರ ರಯತ್ ಶಿಕ್ಷಣ ಸಂಸ್ಥೆ ಮನೆಮನೆಯಿಂದ ಹಿಡಿ ಕಾಳು ಕೂಡಿಸಿ ವಿದ್ಯಾರ್ಥಿನಿಲಯ ನಡೆಸಿತು. ಅದಕ್ಕೆ ಮುಷ್ಟಿ ಫಂಡು ಎಂದೇ ಹೆಸರು. ಜೋಳಿಗೆ, ಹಿಡಿ ಕಾಳು, ಪಟ್ಟಿ ಎತ್ತುವುದು: ಉತ್ತರ ಕರ್ನಾಟಕದ ಹಳ್ಳಿಗೆ ಇದ್ಯಾವುದನ್ನೂ ಕಲಿಸಿಕೊಡಬೇಕಿಲ್ಲ. ಜಾತ್ರೆಗೆ, ಗುಡಿ ಕಟ್ಟಲು, ಮೊಹರಂಗೆ, ಸಪ್ತಾಹಕ್ಕೆ ಪಟ್ಟಿ ಎತ್ತಿ, ಕೊನೆಗೆ ಕಟ್ಟೆಯ ಮೇಲೆ ಕುಳಿತು ಜಮಾ-ಖರ್ಚು ಓದಿ ಹೇಳುವ ರೂಢಿ ಇವತ್ತಿಗೂ ಇದೆ.

ಆದರೆ ಶಾಲೆಯ ವಿಷಯಕ್ಕೆ ಬಂದಾಗ ಒಂದು ಪದ ಅಡ್ಡ ನಿಲ್ಲುತ್ತದೆ. ಕನ್ನಡದಲ್ಲಿ ದೇಣಿಗೆ ಬೇರೆ, ಡೊನೇಷನ್ ಬೇರೆ. ದೇಣಿಗೆ ಮನಸಾರೆ ಕೊಟ್ಟದ್ದು. ಡೊನೇಷನ್ ಸೀಟಿಗಾಗಿ ತೆತ್ತದ್ದು. ವೃತ್ತಿ ಶಿಕ್ಷಣದ ಕಾಲೇಜುಗಳು ಬೆಳೆದ ದಶಕಗಳಲ್ಲಿ ಈ ಎರಡನೆಯ ಅರ್ಥ ಬೇರೂರಿ, 1984ರಲ್ಲಿ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯನ್ನೇ ತರಬೇಕಾಯಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ, ಪ್ರಕಟಿಸಿದ ಶುಲ್ಕದ ಹೊರತಾಗಿ ಪ್ರವೇಶಕ್ಕೆಂದು ಪಡೆಯುವ ಯಾವುದೇ ವಂತಿಗೆ ಕ್ಯಾಪಿಟೇಷನ್ ಶುಲ್ಕವೇ ಆಗುತ್ತದೆ. ಅದರ 13ನೇ ಸೆಕ್ಷನ್ನಿನಂತೆ ಪಡೆದದ್ದರ ಹತ್ತು ಪಟ್ಟಿನವರೆಗೆ ದಂಡ ಬೀಳಬಹುದು. ಹೀಗಾಗಿ ಶಾಲೆಯ ಪರವಾಗಿ ಕೈ ಚಾಚುವ ಮುಖ್ಯ ಗುರುಗಳು ಮೊದಲು ಎದುರಿಸುವುದು ಜನರ ಅನುಮಾನವನ್ನು. ಕೇಳುವ ಕಲೆಯನ್ನು ಕಲಿಸುವ ಮೊದಲು ಈ ಗೆರೆಯನ್ನು ಸ್ಪಷ್ಟವಾಗಿ ಎಳೆದು ತೋರಿಸದ ತರಬೇತಿ ಅರ್ಧ ತರಬೇತಿ.

ಜಿಲ್ಲೆಯ ಪರಿಸ್ಥಿತಿಯೇ ಈ ಕೆಲಸಕ್ಕೆ ತುರ್ತು ತಂದಿದೆ. ಕಲಬುರಗಿಯಿಂದ ಬೇರ್ಪಟ್ಟು 2009ರ ಡಿಸೆಂಬರ್ 30ರಂದು ರಾಜ್ಯದ 30ನೇ ಜಿಲ್ಲೆಯಾದ ಯಾದಗಿರಿಯಲ್ಲಿ 2011ರ ಜನಗಣತಿಯಂತೆ ಜನಸಂಖ್ಯೆ 11,74,271. ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಅತಿ ಕಡಿಮೆ. ಆಗ ರಾಜ್ಯದ ಸರಾಸರಿ ಶೇ 75.36. ಜಿಲ್ಲೆಯ ಮಹಿಳೆಯರಲ್ಲಿ ಸಾಕ್ಷರತೆ ಶೇ 41ರ ಆಸುಪಾಸು. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವೆಂದು ಗುರುತಿಸಿದ 39 ತಾಲ್ಲೂಕುಗಳಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಇವೆ. ಸಂವಿಧಾನದ 371ಜೆ ವಿಧಿಯ ವಿಶೇಷ ಸ್ಥಾನಮಾನ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ, 2018ರಲ್ಲಿ ನೀತಿ ಆಯೋಗ ಆರಂಭಿಸಿದ ಮಹತ್ವಾಕಾಂಕ್ಷಿ ಜಿಲ್ಲೆಗಳ ಕಾರ್ಯಕ್ರಮ ಇವೆಲ್ಲ ಈ ಅಂಕಿಗಳ ಬೆನ್ನಿಗೆ ಬಂದವು. ಆ ಕಾರ್ಯಕ್ರಮಕ್ಕೆ ಕರ್ನಾಟಕದಿಂದ ಆಯ್ಕೆಯಾದ ಎರಡೇ ಜಿಲ್ಲೆ ರಾಯಚೂರು ಮತ್ತು ಯಾದಗಿರಿ; ಅದರ ಅಳತೆಗೋಲಿನಲ್ಲಿ ಶಿಕ್ಷಣಕ್ಕೆ ಶೇ 30ರ ತೂಕ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ (ಸಿಎಸ್‌ಆರ್) ನಿಧಿ ಹಂಚುವವರ ಕಣ್ಣಿಗೆ ಜಿಲ್ಲೆಯ ಹೆಸರು ಬೀಳಲು ಇದೂ ಒಂದು ಕಾರಣ.

ಹೆಸರು ಕಣ್ಣಿಗೆ ಬಿದ್ದರೆ ಸಾಲದು. ಅರ್ಜಿ ಬರೆಯುವವರು ಬೇಕು.

ಶಿಕ್ಷಕರ ವೃತ್ತಿ ಬೆಳವಣಿಗೆಯ ಮಟ್ಟಿಗೆ ಸುರಪುರಕ್ಕೆ ದೊಡ್ಡ ಅನುಭವವಿದೆ. 2004ರ ಹೊತ್ತಿಗೆ ರಾಜ್ಯ ಸರ್ಕಾರ, ಯುನಿಸೆಫ್ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಸೇರಿ ಈ ತಾಲ್ಲೂಕಿನ ಮುನ್ನೂರಕ್ಕೂ ಹೆಚ್ಚು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ಸ್ನೇಹಿ ಶಾಲೆಯ ಉಪಕ್ರಮ ಆರಂಭಿಸಿದವು. ಅದರ ಅನುಭವದಿಂದಲೇ ಫೌಂಡೇಶನ್ ಜಿಲ್ಲೆಯಲ್ಲಿ ಬೇರೂರಿತು: ಯಾದಗಿರಿಯಲ್ಲಿ ಜಿಲ್ಲಾ ಸಂಸ್ಥೆ, ಒಂದು ಶಾಲೆ, ತಾಲ್ಲೂಕುಗಳಲ್ಲಿ ಶಿಕ್ಷಕರ ಕಲಿಕಾ ಕೇಂದ್ರಗಳು. ಶಾಲೆ ಬಿಟ್ಟ ಮೇಲೆ ಸಂಜೆ ಹೊತ್ತು ಶಿಕ್ಷಕರು ಯಾರ ಆದೇಶವೂ ಇಲ್ಲದೆ ಸೇರಿ, ತಮ್ಮ ತರಗತಿಯ ತೊಡಕುಗಳನ್ನು ಚರ್ಚಿಸುವ ಸ್ವಯಂಪ್ರೇರಿತ ವೇದಿಕೆಗಳು ಹೀಗೆ ಬೆಳೆದವು. ಭತ್ಯೆಯಿಲ್ಲ, ಪ್ರಮಾಣಪತ್ರವಿಲ್ಲ, ಆದರೂ ಬರುತ್ತಿದ್ದರು. ವಯಸ್ಕರು ವೃತ್ತಿ ಕಲಿಯುವುದು ಹೇಗೆ ಎಂದು ಕೇಳಿದರೆ ಸುರಪುರದ ಈ ಸಂಜೆಗಳನ್ನು ತೋರಿಸಬಹುದು.

ಇಲ್ಲೊಂದು ಸೂಕ್ಷ್ಮವಿದೆ. ಫೌಂಡೇಶನ್ನಿನ ಹಣ ಬರುವುದು ಅಜೀಂ ಪ್ರೇಮ್‌ಜಿಯವರು ಮುಡಿಪಿಟ್ಟ ದತ್ತಿಯಿಂದ; 2019ರ ಹೊತ್ತಿಗೆ ಆ ಮುಡಿಪಿನ ಒಟ್ಟು ಮೌಲ್ಯ ಸುಮಾರು 21 ಶತಕೋಟಿ ಡಾಲರ್ ಎಂದು ಪ್ರಕಟವಾಯಿತು. ಹೀಗಾಗಿ ಫೌಂಡೇಶನ್ ಬೇರೆಯವರ ಬಳಿ ಹಣ ಕೇಳಬೇಕಾಗಿಲ್ಲ. ಗಣಿತ, ಭಾಷೆ, ವಿಜ್ಞಾನ ಕಲಿಸುವ ಬಗೆಯಲ್ಲಿ ಅದು ಜಿಲ್ಲೆಗೆ ಬಹಳಷ್ಟು ಕೊಟ್ಟಿದೆ. ಆದರೆ ಕೇಳುವ, ಲೆಕ್ಕ ಒಪ್ಪಿಸುವ, ದಾನಿಯೊಡನೆ ವರ್ಷಗಟ್ಟಲೆ ನಂಟು ಉಳಿಸಿಕೊಳ್ಳುವ ವಿದ್ಯೆ ಅಂಥ ಸಂಸ್ಥೆಯ ನೆರಳಿನಲ್ಲಿ ತಾನಾಗಿ ಹಬ್ಬುವಂಥದ್ದಲ್ಲ. ಅದನ್ನು ಬೇರೆಯಾಗಿಯೇ ಕಲಿಸಬೇಕು. ಜಿಲ್ಲೆಯಲ್ಲಿ ದುಡಿಯುವ ಇನ್ನೊಂದು ಸಂಸ್ಥೆ ಟಾಟಾ ಟ್ರಸ್ಟ್ಸ್‌ನ ಸಹವರ್ತಿಯಾದ ಕಲಿಕೆ; ಅದಕ್ಕೂ ದೊಡ್ಡ ದತ್ತಿಯ ಬೆಂಬಲವಿದೆ. ಬೆನ್ನಿಗೆ ಯಾರೂ ಇಲ್ಲದ ಸಣ್ಣ ಟ್ರಸ್ಟು, ಊರ ಶಾಲೆ, ಅನುದಾನರಹಿತ ಕನ್ನಡ ಶಾಲೆಗಳ ಪಾಡು ಬೇರೆ.

ಸರ್ಕಾರಿ ಶಾಲೆಯ ಕೈಗೆ ಬರುವ ಹಣ ಎಷ್ಟು? ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮಕ್ಕಳ ಸಂಖ್ಯೆಗೆ ತಕ್ಕಂತೆ ವರ್ಷಕ್ಕೆ 10,000 ರೂಪಾಯಿಯಿಂದ 1 ಲಕ್ಷದವರೆಗೆ. 31ರಿಂದ 100 ಮಕ್ಕಳಿರುವ ಶಾಲೆಗೆ 25,000. ಅದರಲ್ಲಿ ಕನಿಷ್ಠ ಹತ್ತನೇ ಒಂದು ಪಾಲು ಸ್ವಚ್ಛತೆಗೆ. ಉಳಿದದ್ದರಲ್ಲಿ ಸುಣ್ಣಬಣ್ಣ, ವಿದ್ಯುತ್ ಬಿಲ್ಲು, ಚಾಕ್‌ಪೀಸು, ದುರಸ್ತಿ. ಇದಕ್ಕಿಂತ ಹೆಚ್ಚಿನದು ಬೇಕೆಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೇ ಊರಿನ ಮುಂದೆ ಹೋಗಬೇಕು. ರಾಜಾ ರಾಮಣ್ಣ ನೇತೃತ್ವದ ಕಾರ್ಯಪಡೆಯ ಶಿಫಾರಸಿನಂತೆ 2001ರಲ್ಲಿ ಹುಟ್ಟಿದ ಈ ಸಮಿತಿಯಲ್ಲಿ ಪಾಲಕರೇ ಮುಖ್ಯ. ಬ್ಯಾಂಕ್ ಖಾತೆ ಅಧ್ಯಕ್ಷರು ಮತ್ತು ಮುಖ್ಯ ಗುರುಗಳ ಜಂಟಿ ಹೆಸರಿನಲ್ಲಿರುತ್ತದೆ. ಯಾದಗಿರಿಯ ಹಲವು ಸಮಿತಿಗಳಲ್ಲಿ ಅಕ್ಷರ ಕಲಿಯಲು ಅವಕಾಶವೇ ಸಿಗದ ತಾಯಂದಿರು ಸದಸ್ಯರು. ಠರಾವು ಓದಿ ಹೇಳದೆ ಹೆಬ್ಬೆಟ್ಟು ಹಾಕಿಸಿಕೊಳ್ಳುವ ಶಾಲೆ ಯಾವ ದಾನಿಗೂ ಉತ್ತರ ಕೊಡಲಾರದು. ಆದ್ದರಿಂದ ತರಬೇತಿ ಮುಖ್ಯ ಗುರುಗಳಿಗೆ ಎಷ್ಟು ಬೇಕೋ ಈ ತಾಯಂದಿರಿಗೂ ಅಷ್ಟೇ ಬೇಕು, ಅದೂ ಬಾಯಿಮಾತಿನಲ್ಲಿ, ಅವರ ಮಾತಿನಲ್ಲಿ.

ಇಲಾಖೆಯ ಕಡೆಯಿಂದ ದಾರಿಗಳಿವೆ. ಕೇಂದ್ರದ ವಿದ್ಯಾಂಜಲಿ ಪೋರ್ಟಲಿನ ಎರಡನೇ ರೂಪ 2021ರ ಸೆಪ್ಟೆಂಬರ್ 7ರಂದು ಬಂತು. ಶಾಲೆ ತನ್ನ ಗುರುತಿನ ಯು-ಡೈಸ್ ಸಂಖ್ಯೆಯಿಂದ ಒಳಹೋಗಿ ಬೇಕಾದದ್ದನ್ನು ಪಟ್ಟಿ ಮಾಡಬಹುದು. ಇಷ್ಟಪಟ್ಟವರು ವಸ್ತು ಕೊಡಬಹುದು, ಬಂದು ಪಾಠ ಹೇಳಬಹುದು. ರಾಜ್ಯದ ‘ನಮ್ಮ ಶಾಲೆ ನಮ್ಮ ಜವಾಬ್ದಾರಿ’ ಹಳೆಯ ವಿದ್ಯಾರ್ಥಿಗಳನ್ನು ಶಾಲೆಗೆ ಮರಳಿ ಕರೆಯುವ ಯೋಜನೆ. ಪೋರ್ಟಲಿನಲ್ಲಿ ‘ಪೀಠೋಪಕರಣ ಬೇಕಾಗಿದೆ’ ಎಂದಷ್ಟೇ ಬರೆದರೆ ಓದಿದವರಿಗೆ ಏನೂ ಕಾಣುವುದಿಲ್ಲ. ಎಷ್ಟನೇ ತರಗತಿ, ಎಷ್ಟು ಮಕ್ಕಳು ನೆಲದ ಮೇಲೆ ಕೂಡುತ್ತಾರೆ, ಎಷ್ಟು ಬೆಂಚು ಸಾಕು, ಒಂದಕ್ಕೆ ಶಹಾಪುರದ ಬಡಿಗೇರ ಅಂಗಡಿಯಲ್ಲಿ ಎಷ್ಟು ಬೆಲೆ ಎಂದು ಬರೆದ ಶಾಲೆಗೆ ಉತ್ತರ ಬೇಗ ಬರುತ್ತದೆ. ತರಬೇತಿ ಎಂದರೆ ಮುಖ್ಯವಾಗಿ ಇಂಥ ವಾಕ್ಯಗಳನ್ನು ಬರೆಯಲು ಕಲಿಸುವುದು.

ಕಾನೂನಿನ ತಿಳಿವಳಿಕೆ ಎರಡನೆಯ ಮೆಟ್ಟಿಲು. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ನಿಗದಿತ ಗಾತ್ರದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 2ನ್ನು ಸಾಮಾಜಿಕ ಕೆಲಸಕ್ಕೆ ವೆಚ್ಚ ಮಾಡಬೇಕೆನ್ನುತ್ತದೆ. 2014ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಆ ಹಣ ಪಡೆದು ಕೆಲಸ ಮಾಡುವ ಸಂಸ್ಥೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಲೇಬೇಕು. ಆಡಳಿತ ವೆಚ್ಚ ಶೇ 5 ಮೀರಬಾರದೆಂಬ ನಿಯಮವನ್ನು ಬಹಳ ಮಂದಿ ತಪ್ಪಾಗಿ ಓದುತ್ತಾರೆ. ಆ ಮಿತಿ ಇರುವುದು ಕಂಪನಿ ತನ್ನ ಸಿಎಸ್‌ಆರ್ ಕಚೇರಿಗೆ ಮಾಡುವ ಸಾಮಾನ್ಯ ವೆಚ್ಚಕ್ಕೆ. ಹಳ್ಳಿಯಲ್ಲಿ ಯೋಜನೆ ನಡೆಸುವ ಶಿಕ್ಷಕಿಯ ಸಂಬಳಕ್ಕಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ ಸಂಸ್ಥೆಗಳು ಸಿಬ್ಬಂದಿಯ ಸಂಬಳ, ತರಬೇತಿಯ ಖರ್ಚು ಕೇಳಲು ಹಿಂಜರಿಯುತ್ತವೆ. ವಿದೇಶದ ಹಣಕ್ಕಾದರೆ ನಿಯಮ ಇನ್ನೂ ಬಿಗಿ: 2020ರ ತಿದ್ದುಪಡಿಯ ಬಳಿಕ ಅದು ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ ಬರಬೇಕು, ಆಡಳಿತ ವೆಚ್ಚ ಶೇ 20ರೊಳಗೆ ನಿಲ್ಲಬೇಕು.

ಸುದ್ದಿಯ ಕಡೆ ಹೊರಳಿದರೆ, ಪರೀಕ್ಷೆಯ ಫಲಿತಾಂಶ ಬರುವ ಹೊತ್ತಿಗೆ ಜಿಲ್ಲೆಗೆ ಆಗಾಗ ಒಂದು ಪೆಟ್ಟು ಬೀಳುತ್ತದೆ. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ 94 ಪಡೆದು ಮೊದಲು ನಿಂತಾಗ ಯಾದಗಿರಿ ಶೇ 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. ‘ಯಾದಗಿರಿಗೆ ಕೊನೆಯ ಸ್ಥಾನ’ ಎಂಬ ತಲೆಬರಹವನ್ನು ಓದುವ ಮಗು ಯಾದಗಿರಿಯಲ್ಲೂ ಇದೆ. ಅಂಕಿಯನ್ನು ಮುಚ್ಚಿಡುವುದು ಪರಿಹಾರವಲ್ಲ. ಹತ್ತಿ ಬಿಡಿಸುವ ತಿಂಗಳುಗಳಲ್ಲಿ ಹಾಜರಾತಿ ಇಳಿಯುವುದು, ಬೆಂಗಳೂರು, ಹೈದರಾಬಾದ್, ಪುಣೆ, ಮುಂಬೈಗೆ ಗುಳೆ ಹೋಗುವ ಕುಟುಂಬಗಳ ಜೊತೆ ಮಕ್ಕಳೂ ಹೋಗುವುದು, ಖಾಲಿ ಉಳಿದ ಶಿಕ್ಷಕರ ಹುದ್ದೆಗಳು ಇವನ್ನು ಅಂಕಿಯ ಪಕ್ಕದಲ್ಲೇ ಇಟ್ಟು ಹೇಳಬಲ್ಲ ಒಬ್ಬರು ಪ್ರತಿ ತಾಲ್ಲೂಕಿನಲ್ಲಿದ್ದರೆ ವರದಿಗಾರನಿಗೂ ಅನುಕೂಲ, ದಾನಿಗೂ ಅನುಕೂಲ. ಆ ಒಬ್ಬರನ್ನು ತಯಾರು ಮಾಡುವ ವ್ಯವಸ್ಥೆ ಇನ್ನೂ ಬಂದಿಲ್ಲ.

ಸರಿಯಾಗಿ ಅಳೆದು ಹೇಳಿದ ಸಂಗತಿಗೆ ಎಷ್ಟು ಬೆಲೆ ಎಂಬುದಕ್ಕೆ ಜಿಲ್ಲೆಯಲ್ಲೇ ಉದಾಹರಣೆ ಇದೆ. 2021ರ ಡಿಸೆಂಬರ್‌ನಲ್ಲಿ ಯಾದಗಿರಿಯೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲಾರಂಭಿಸಿದಾಗ ರಾಜ್ಯದಲ್ಲಿ ಜೋರು ವಾಗ್ವಾದ ನಡೆಯಿತು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳ ತೂಕ, ಎತ್ತರಗಳನ್ನು ಮೊಟ್ಟೆ ಕೊಡದ ಗದಗ ಜಿಲ್ಲೆಯ ಮಕ್ಕಳ ಜೊತೆ ಹೋಲಿಸಿ ನೋಡಿದ ಅಧ್ಯಯನ 2022ರಲ್ಲಿ ಹೊರಬಂದಾಗ ಚರ್ಚೆಗೆ ಗಟ್ಟಿ ನೆಲ ಸಿಕ್ಕಿತು. ಮುಂದೆ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿ, ವಾರಕ್ಕೆ ಎರಡು ದಿನವಿದ್ದ ಮೊಟ್ಟೆ ಆರು ದಿನಕ್ಕೆ ಏರಿತು. ಶಾಲೆಯ ಹಾಜರಿ ಪುಸ್ತಕ, ತೂಕದ ಪಟ್ಟಿ ಇಂಥವು ಎಷ್ಟು ದೂರ ಹೋಗಿ ಮಾತಾಡಬಲ್ಲವು ಎಂದು ತೋರಿಸಲು ಬೇರೆ ಊರಿನ ಕಥೆ ಬೇಕಿಲ್ಲ.

ಚಿತ್ರಗಳ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟು ಬೇಕು. ಹರಿದ ಅಂಗಿ, ಖಾಲಿ ತಟ್ಟೆ, ಅಳುವ ಕಣ್ಣು ಹಣ ತರುತ್ತವೆ ಎಂದು ನಂಬಿದವರು ಇದ್ದಾರೆ. ಆ ಮಗು ನಾಳೆ ಸುರಪುರದ ಕಾಲೇಜಿಗೆ ಹೋಗುತ್ತದೆ; ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಲೇ ಇರುತ್ತದೆ. ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳ ಗುರುತು ಬಯಲು ಮಾಡುವುದನ್ನು 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮಕ್ಕಳ ಮಾಹಿತಿ ಬಳಸಲು ಪಾಲಕರ ಒಪ್ಪಿಗೆ ಕೇಳುತ್ತದೆ. ತಾಂಡಾದ ತಾಯಿಗೆ ಲಂಬಾಣಿಯಲ್ಲಿ, ಊರೊಳಗಿನ ಕೆಲವು ಓಣಿಗಳಲ್ಲಿ ಉರ್ದುವಿನಲ್ಲಿ, ಗುರುಮಠಕಲ್ ಕಡೆ ತೆಲುಗಿನಲ್ಲಿ ವಿವರಿಸದೆ ಪಡೆದ ರುಜು ಒಪ್ಪಿಗೆಯಾಗದು.

ಜಗತ್ತಿನ ಬೇರೆಡೆ ಈ ವೃತ್ತಿಗೆ ಶಾಲೆಗಳೇ ಇವೆ. ಅಮೆರಿಕದಲ್ಲಿ ಹಳೆ ವಿದ್ಯಾರ್ಥಿಗಳ ಸಂಪರ್ಕ, ಪ್ರಚಾರ, ನಿಧಿ ಸಂಗ್ರಹ ಮೂರರಲ್ಲೂ ದುಡಿಯುವ ಶಿಕ್ಷಣ ಸಂಸ್ಥೆಗಳ ಸಿಬ್ಬಂದಿಗಾಗಿ ಎರಡು ಹಳೆಯ ಸಂಘಗಳು ಕೂಡಿ 1974ರಲ್ಲಿ ‘ಕೇಸ್’ ಎಂಬ ಮಂಡಳಿಯಾದವು. ಅದೇ ವರ್ಷ ಹ್ಯಾಂಕ್ ರೋಸೊ ಎಂಬವರು ನಿಧಿ ಸಂಗ್ರಹವನ್ನೇ ಕಲಿಸುವ ಶಾಲೆ ತೆರೆದರು. ಅದು ಈಗ ಇಂಡಿಯಾನಾ ವಿಶ್ವವಿದ್ಯಾಲಯದ ಭಾಗ. ಭಾರತದಲ್ಲಿ ಐಎಲ್‌ಎಸ್‌ಎಸ್ ಸಂಸ್ಥೆಯ ನಿಧಿ ಸಂಗ್ರಹ ಕೋರ್ಸು, ಅಶೋಕ ವಿಶ್ವವಿದ್ಯಾಲಯದ ದಾನಶೀಲತೆ ಅಧ್ಯಯನ ಕೇಂದ್ರ, ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಅಭಿವೃದ್ಧಿ ವ್ಯಾಸಂಗ ಇವೆ. ಎಲ್ಲವೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಯಾದಗಿರಿಗೆ ಮುಂಬೈ–ಚೆನ್ನೈ ರೈಲು ಮಾರ್ಗವಾದರೂ ಇದೆ. ಶಹಾಪುರ, ಸುರಪುರಗಳಿಗೆ ಅದೂ ಇಲ್ಲ. ಹುಣಸಗಿ ಕಡೆಯ ಸಂಯೋಜಕಿ ಎರಡು ದಿನದ ಶಿಬಿರಕ್ಕೆ ಬೆಂಗಳೂರಿಗೆ ಹೋಗಿಬರಲು ನಾಲ್ಕು ದಿನ ಕಳೆಯಬೇಕು, ಅಲ್ಲಿ ಕೇಳಿದ್ದನ್ನು ತಾನೇ ಕನ್ನಡಿಸಿಕೊಳ್ಳಬೇಕು. ಶಿಕ್ಷಣ ಸಾಹಿತ್ಯವನ್ನು ಕನ್ನಡಕ್ಕೆ ತರುತ್ತಿರುವ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ‘ಅನುವಾದ ಸಂಪದ’ದಂಥ ಭಂಡಾರಕ್ಕೆ ದೇಣಿಗೆ, ಲೆಕ್ಕ, ವರದಿಗಳ ಕುರಿತ ಕೈಪಿಡಿಗಳೂ ಸೇರಿದರೆ ಅದರ ಉಪಯೋಗ ಮೊದಲು ಕಾಣುವುದು ಇಲ್ಲೇ.

ಕಾಲೇಜುಗಳಲ್ಲಿ ಈ ಕೆಲಸಕ್ಕೆ ಇನ್ನೊಂದು ಬಾಗಿಲು ತೆರೆದಿದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತನ್ನ ದರ್ಜೆ ಪದ್ಧತಿಯ ಐದನೇ ಮಾನದಂಡದಲ್ಲಿ ಹಳೆ ವಿದ್ಯಾರ್ಥಿಗಳ ಪಾಲುಗೊಳ್ಳುವಿಕೆಗೆ ಪ್ರತ್ಯೇಕ ಅಂಕಗಳನ್ನು ಇಟ್ಟಿತ್ತು. ಸುರಪುರದ ಶ್ರೀ ಪ್ರಭು ಕಾಲೇಜು, ವೀರಪ್ಪ ನಿಷ್ಠಿ ಎಂಜಿನಿಯರಿಂಗ್ ಕಾಲೇಜು, ಮೂರೂ ಊರುಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಂಥ ಸಂಸ್ಥೆಗಳಿಗೆ ಹೈದರಾಬಾದ್, ಬೆಂಗಳೂರುಗಳಲ್ಲಿ ದುಡಿಯುವ ಹಳೆಯ ವಿದ್ಯಾರ್ಥಿಗಳೇ ದೊಡ್ಡ ಆಸ್ತಿ. ಗುರುವಂದನೆ ಕಾರ್ಯಕ್ರಮ ಮಾಡಿ, ಶಾಲು ಹೊದಿಸಿ, ಫೋಟೊ ತೆಗೆಸಿಕೊಂಡು ಬಿಡುವುದು ಸಾಮಾನ್ಯ. ಮಾರನೆಯ ವಾರ ಪ್ರತಿಯೊಬ್ಬರ ವಿಳಾಸ, ಉದ್ಯೋಗ, ಯಾವ ವಿಷಯಕ್ಕೆ ಬಂದು ಮಾತಾಡಬಲ್ಲರು ಎಂಬುದನ್ನು ದಾಖಲಿಸುವ ಉಪನ್ಯಾಸಕರಿಗೆ ವಾರಕ್ಕೆ ಎರಡು ತಾಸು ಬಿಡುವು ಕೊಟ್ಟರೆ ಸಂಘ ಬದುಕುತ್ತದೆ. ಕಲಬುರಗಿಯ ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ವಿಭಾಗವಿದೆ. ಅಲ್ಲಿ ಓದಿದ ಈ ಭಾಗದ ಯುವಕ ಯುವತಿಯರು ಊರಿನ ಶಾಲೆಗಳ ಸುದ್ದಿ ಬರೆಯುವ ಕೆಲಸಕ್ಕೆ ಹೇಳಿ ಮಾಡಿಸಿದವರು.

ಪಠ್ಯಕ್ರಮದಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಬೇಡುವುದು ರಸೀದಿ ಪುಸ್ತಕ. ಕೊಟ್ಟ ಗಳಿಗೆಯಲ್ಲೇ ರಸೀದಿ, ಆ ದಿನವೇ ಕೀರ್ದಿಯಲ್ಲಿ ಜಮಾ, ವಾರದೊಳಗೆ ಕೃತಜ್ಞತೆಯ ಪತ್ರ, ಕೆಲಸ ಮುಗಿದ ಮೇಲೆ ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು, ಯಾಕೆ ತಡವಾಯಿತು ಎಂಬ ಒಂದು ಪುಟ. ತಡವಾದದ್ದನ್ನು ಬರೆಯುವ ಧೈರ್ಯವನ್ನೂ ಕಲಿಸಬೇಕು, ಏಕೆಂದರೆ ಆ ಸಾಲಿನಿಂದಲೇ ದಾನಿಗೆ ಉಳಿದ ಸಾಲುಗಳ ಮೇಲೆ ನಂಬಿಕೆ ಬರುತ್ತದೆ. ನೂರು ರೂಪಾಯಿ ಕೊಟ್ಟ ಕೂಲಿಕಾರನಿಗೂ ಲಕ್ಷ ಕೊಟ್ಟ ಗುತ್ತಿಗೆದಾರನಿಗೂ ರಸೀದಿ ಒಂದೇ ಬಗೆಯದಿರಬೇಕು.

ಕ್ಯಾಲೆಂಡರು ಕೂಡ ಪಾಠದ ಒಂದು ಭಾಗ. 1961ರ ಆದಾಯ ತೆರಿಗೆ ಕಾಯ್ದೆಯ ಕಾಲದಿಂದ 80ಜಿ ಎಂದೇ ಜನ ಗುರುತಿಸುವ, ದಾನಿಗಳಿಗೆ ಸಿಗುವ ತೆರಿಗೆ ರಿಯಾಯಿತಿಗೆ ನೋಂದಾಯಿಸಿದ ಟ್ರಸ್ಟುಗಳು ಹಿಂದಿನ ಆರ್ಥಿಕ ವರ್ಷದ ದಾನಿಗಳ ಪಟ್ಟಿಯನ್ನು 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಿ, ದಾನಿಗಳಿಗೆ 10ಬಿಇ ಪ್ರಮಾಣಪತ್ರ ಕೊಡುವ ಪದ್ಧತಿ ಆ ಕಾಯ್ದೆಯಡಿ ಬಂತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ, 2,000ಕ್ಕಿಂತ ಹೆಚ್ಚಿನ ನಗದು ದೇಣಿಗೆಗೆ ರಿಯಾಯಿತಿ ಇಲ್ಲ. ಮೇ ಕೊನೆಯ ವಾರವೇ ಶಾಲೆಗಳು ಬಾಗಿಲು ತೆರೆಯುವ ವಾರ, ದಾಖಲಾತಿ ಆಂದೋಲನಕ್ಕೆ ಶಿಕ್ಷಕರು ಮನೆಮನೆ ಸುತ್ತುವ ವಾರ. ಗುಳೆ ಹೋದವರಲ್ಲಿ ಬಹಳ ಮಂದಿ ಮುಂಗಾರು ಬಿತ್ತನೆಗೆ ಊರಿಗೆ ಮರಳುವುದೂ ಆಗಲೇ; ಪಾಲಕರ ಸಭೆಗೆ ಜನ ಸಿಗುವುದೂ ಆಗಲೇ. ಲೆಕ್ಕ ಬರೆಯುವವರು, ಮನೆ ಸುತ್ತುವವರು, ಸಭೆ ಕರೆಯುವವರು ಬಹುತೇಕ ಕಡೆ ಒಬ್ಬರೇ. ಹೀಗಾಗಿ ಯಾದಗಿರಿ ಸೀಮೆಯಲ್ಲಿ ಈ ತರಬೇತಿ ನಡೆಯಬೇಕಾದ ಹೊತ್ತು ಬೇಸಿಗೆ ರಜೆಯ ಮೊದಲ ಪಾದ, ಏಪ್ರಿಲ್ ಮುಗಿಯುವುದರೊಳಗೆ, ಬಿಸಿಲು ಏರುವ ಮುಂಚಿನ ಬೆಳಗಿನ ತಾಸುಗಳಲ್ಲಿ.